ಪದ ಬೇಕು: ಮರದ ನೆಲದ ‘ಫಿನಿಶ್’, ‘ಕ್ಯೂರ್’, ‘ಡ್ಯಾಂಪ್ ಮಾಪ್’ (ನಾಳಿದ್ದು ಅಚ್ಚಿಗೆ)

ಇಂದಿರಾನಗರದಿಂದ

ಎಲ್ಲರಿಗೂ ನಮಸ್ಕಾರ. ಗಟ್ಟಿಮರದ ನೆಲವನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ ಎಂಬ ಎರಡು ಪುಟದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೊತೆಗೆ ಬಾಗಿಲಿಗೆ ಅಂಟಿಸುವ ಒಂದು ಸೂಚನೆ. ಮನೆಯವರಷ್ಟೇ ಅಲ್ಲ, ಮನೆಗೆಲಸಕ್ಕೆ ಬರುವವರೂ ಅಪಾರ್ಟ್‌ಮೆಂಟಿನ ಹೌಸ್‌ಕೀಪಿಂಗ್‌ನವರೂ ಇದನ್ನು ಓದಬೇಕು. ಮೂರು ಕಡೆ ಕೈ ಕಟ್ಟಿದೆ.

ಒಂದು, ಫಿನಿಶ್. ಉಜ್ಜಿ ನಯ ಮಾಡಿದ ಮರದ ಮೇಲೆ ಬಳಿಯುವ ಪಾಲಿಯುರೆಥೇನ್. ‘ಮೆರುಗು’ ಎಂದು ಬರೆದಿದ್ದೆ. ಮುಂದಿನ ಸಾಲಿನಲ್ಲೇ ಮ್ಯಾಟ್ ಫಿನಿಶ್ ಬಂತು. ಹೊಳಪಿಲ್ಲದ್ದನ್ನು ಮೆರುಗು ಎನ್ನುವುದು ಹೇಗೆ?

ಎರಡು, ಕ್ಯೂರ್. ಎಣ್ಣೆ ಆಧಾರದ ಪಾಲಿಯುರೆಥೇನ್ 24 ಗಂಟೆಯಲ್ಲಿ ಕಾಲಿಡುವಷ್ಟು ಒಣಗುತ್ತದೆ, ಪೂರ್ತಿ ಗಟ್ಟಿಯಾಗಲು ಸುಮಾರು 30 ದಿನ ಬೇಕು. ಎರಡಕ್ಕೂ ‘ಒಣಗು’ ಎಂದರೆ ಮರುದಿನವೇ ಸೋಫಾ ಎಳೆದು ತರುತ್ತಾರೆ.

ಮೂರು, ಡ್ಯಾಂಪ್ ಮಾಪ್, ಅಂದರೆ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸುವುದು. ‘ಸಾರಿಸಿ’ ಎಂದರೆ ಸಾಕೇ?

ಬಸವನಗುಡಿಯಿಂದ

ಮೊದಲು ‘ಗಟ್ಟಿಮರ’ ಸರಿಪಡಿಸಿ. ಹಾರ್ಡ್‌ವುಡ್ ಎಂಬುದು ಮರದ ಜಾತಿಯ ಹೆಸರು, ಗಟ್ಟಿತನದ ಅಳತೆಯಲ್ಲ. ಅಗಲ ಎಲೆಯ ಮರಗಳದ್ದೆಲ್ಲ ಹಾರ್ಡ್‌ವುಡ್. ಉಗುರಲ್ಲಿ ಒತ್ತಿದರೆ ತಗ್ಗು ಬೀಳುವ ಬಾಲ್ಸಾ ಕೂಡ ಅದೇ ಗುಂಪು.

ಫಿನಿಶ್‌ಗೆ ‘ಒಪ್ಪ’ ಇದೆ. ಒಪ್ಪ ಇಡು, ಒಪ್ಪ ಓರಣ, ಎಲ್ಲವೂ ಬಳಕೆಯಲ್ಲಿವೆ. ಒಪ್ಪು ಎಂದರೆ ಹೊಂದು, ತಕ್ಕುದಾಗು, ಅದರಿಂದಲೇ ಒಪ್ಪ. ಹೊಳೆಯಲೇಬೇಕೆಂಬ ಕಟ್ಟುಪಾಡು ಈ ಪದಕ್ಕಿಲ್ಲ. ಇಷ್ಟು ಒಳ್ಳೆಯ ಕನ್ನಡ ಪದ ಕೈಯಲ್ಲಿರುವಾಗ ಬೇರೆಡೆ ಹುಡುಕುವುದು ಬೇಡ.

ಪೀಣ್ಯದಿಂದ

ಒಪ್ಪ ನಡೆಯುವುದಿಲ್ಲ. ಅದು ಸ್ಥಿತಿ, ವಸ್ತುವಲ್ಲ. ಕೈಪಿಡಿಯಲ್ಲಿ ‘ಒಂದು ಲೀಟರಿಗೆ ಒಂದು ಸಲಕ್ಕೆ 100ರಿಂದ 130 ಚದರಡಿ’ ಎಂದು ಬರೆಯಬೇಕಾಗುತ್ತದೆ. ಒಂದು ಲೀಟರ್ ಒಪ್ಪ ಎನ್ನುತ್ತೀರಾ? ‘ಲೇಪ’ ಎನ್ನಿ.

ಮೇಡಂ, ಮೂರನೆಯದನ್ನು ಮೊದಲು ಹೇಳುತ್ತೇನೆ, ನೆಲ ಹಾಳಾಗುವುದು ಅಲ್ಲೇ. ‘ಸಾರಿಸಿ’ ಹಾಕಲೇಬೇಡಿ. ನಮ್ಮ ಕಡೆ ಸಾರಿಸುವುದು ಎಂದರೆ ಬಕೆಟ್ ನೀರು, ಫಿನಾಯಿಲ್, ತೊಟ್ಟಿಕ್ಕುವ ಬಟ್ಟೆ. ಗಾರೆಗೂ ರೆಡ್ ಆಕ್ಸೈಡಿಗೂ ಅದು ಸರಿ. ಮರದ ಮೇಲೆ ನೀರು ಹಲಗೆಗಳ ಸಂದಿಗೆ ಇಳಿದು ಲೇಪವಿಲ್ಲದ ಪಕ್ಕದಿಂದ ಮರ ಕುಡಿಯುತ್ತದೆ. ಆಮೇಲೆ ಅಂಚುಗಳು ಎದ್ದು ನಿಲ್ಲುತ್ತವೆ. ಹೀಗೆ ಬರೆಯಿರಿ: ‘ಮೊದಲು ಮೆತ್ತನೆಯ ಪೊರಕೆಯಿಂದ ಗುಡಿಸಿ. ಆಮೇಲೆ ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡಿದ ಬಟ್ಟೆಯಲ್ಲಿ ಮರದ ಎಳೆಯ ಉದ್ದಕ್ಕೆ ಒರೆಸಿ.’ ಒರೆಸಿದ ತೇವ ಒಂದೆರಡು ನಿಮಿಷದಲ್ಲಿ ಆರಬೇಕು, ಆರದಿದ್ದರೆ ನೀರು ಹೆಚ್ಚಾಯಿತೆಂದೇ ಲೆಕ್ಕ. ಗುಡಿಸದೆ ಒರೆಸಬಾರದು ಎಂಬುದನ್ನೂ ಸೇರಿಸಿ. ಚಪ್ಪಲಿಯಲ್ಲಿ ಬಂದ ಮರಳಿನ ಕಣ ಬಟ್ಟೆಯಡಿ ಸಿಕ್ಕರೆ ಉಪ್ಪುಕಾಗದ ಉಜ್ಜಿದಂತೆ ಗೀರು ಬೀಳುತ್ತದೆ. ವಿನೆಗರ್, ಅಮೋನಿಯಾ, ಹಬೆಯ ಮಾಪ್ ಮೂರೂ ಬೇಡ.

ಎರಡನೆಯದಕ್ಕೆ ‘ಕ್ಯೂರಿಂಗ್’ ಎಂದು ಕನ್ನಡ ಲಿಪಿಯಲ್ಲಿ ಬರೆದು ಕೈತೊಳೆದುಕೊಳ್ಳಬೇಡಿ. ಬೆಂಗಳೂರಿನ ಯಾವ ಕಟ್ಟಡದ ಕೆಲಸಗಾರರನ್ನು ಕೇಳಿದರೂ ಕ್ಯೂರಿಂಗ್ ಎಂದರೆ ಸಿಮೆಂಟಿಗೆ ನೀರು ಹೊಡೆಯುವುದು. ‘ಕ್ಯೂರಿಂಗ್ ಆಗುತ್ತಿದೆ’ ಎಂಬ ಚೀಟಿ ಬಾಗಿಲ ಮೇಲಿದ್ದರೆ ಒಳಗೆ ನೀರು ಬೀಳುವ ಸಾಧ್ಯತೆ ನಿಜವಾಗಿಯೂ ಇದೆ.

ಮಲ್ಲೇಶ್ವರದಿಂದ

ಕ್ಯೂರ್‌ಗೆ ‘ಪಕ್ವವಾಗು’ ಸಾಕು. ಸಂಸ್ಕೃತವಾದರೂ ಎಲ್ಲರಿಗೂ ಗೊತ್ತಿರುವ ಪದ.

ಬಸವನಗುಡಿಯಿಂದ

ಪಕ್ವ ಬೇಡ. ‘ಮಾಗು’, ‘ಬಲಿ’ ಎರಡು ಇವೆ. ಮಾಗುವುದೆಂದರೆ ಮೆತ್ತಗಾಗುವುದು, ಬಲಿಯುವುದೆಂದರೆ ಗಟ್ಟಿಯಾಗುವುದು. ಬಲಿತ ಕಾಯಿ, ಬಲಿತ ಬಿದಿರು. ಇಲ್ಲಿ ಬೇಕಾದದ್ದು ‘ಬಲಿ’.

ಮಲ್ಲೇಶ್ವರದಿಂದ

‘ಲೇಪದ ಬಲಿ’ ಎಂದು ಬಾಗಿಲ ಮೇಲೆ ಓದಿದವರಿಗೆ ಏನೆನಿಸುತ್ತದೆ?

ಬಸವನಗುಡಿಯಿಂದ

ನಾಮಪದ ಮಾಡಿ ಎಂದು ನಾನು ಹೇಳಲಿಲ್ಲ. ಕ್ರಿಯಾಪದವಾಗಿ ಬಳಸಿ: ಬಲಿಯುವವರೆಗೆ, ಬಲಿತ ಮೇಲೆ. ‘ಲೇಪ’ವನ್ನೂ ನಾನು ಒಪ್ಪಿಲ್ಲ. ಬಳಿ, ಪೂಸು, ಹಚ್ಚು, ಮೂರು ಕ್ರಿಯೆಗಳನ್ನು ಇಟ್ಟುಕೊಂಡ ಭಾಷೆಗೆ ಬಳಿದದ್ದಕ್ಕೊಂದು ಹೆಸರು ಕಟ್ಟಲಾಗದೆ? ‘ಬಳಿಪದರ’ ಎನ್ನಿ.

ಪೀಣ್ಯದಿಂದ

ಬಲಿಯುವುದು ಒಳ್ಳೆಯ ಪದ, ಒಪ್ಪಿದೆ. ಒಳಗೆ ನಡೆಯುವ ಕೆಲಸಕ್ಕೂ ಹೊಂದುತ್ತದೆ. ಒಣಗುವಾಗ ದ್ರಾವಕ ಹಾರಿಹೋಗುತ್ತದೆ, ಅಷ್ಟೇ. ಆಮೇಲೆ ಎಣ್ಣೆಯ ಅಂಶ ಗಾಳಿಯ ಆಮ್ಲಜನಕ ಹಿಡಿದುಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತಾ ಹೋಗುತ್ತದೆ. ಅದಕ್ಕೇ ಬೇಗ ಚಾಪೆ, ರಗ್ಗು ಹಾಸಬಾರದು. ಅಡಿಗೆ ಗಾಳಿ ಹೋಗದೆ ಅಷ್ಟು ಜಾಗ ಮೆತ್ತಗೇ ಉಳಿದು ಬಣ್ಣದ ಗುರುತು ಬೀಳುತ್ತದೆ.

‘ಬಳಿಪದರ’ ಯಾರ ಬಾಯಲ್ಲೂ ಇಲ್ಲ. ಬಿಡಿ.

ಯಶವಂತಪುರದಿಂದ

ಇಷ್ಟೆಲ್ಲ ಯಾಕೆ? ಬಡಗಿಯಿಂದ ಓನರ್‌ವರೆಗೆ ಎಲ್ಲರೂ ‘ಪಾಲಿಶ್’ ಅನ್ನುತ್ತಾರೆ. ಪಾಲಿಶ್ ಎಂದು ಹಾಕಿ, ಮುಗಿಯಿತು.

ಪೀಣ್ಯದಿಂದ

ಮುಗಿಯುವುದಿಲ್ಲ. ಸ್ಪಿರಿಟ್ ಪಾಲಿಶ್, ಮೆಲಮೈನ್ ಪಾಲಿಶ್, ಪಿಯು (ಪಾಲಿಯುರೆಥೇನ್) ಪಾಲಿಶ್, ಮೇಣದ ಪಾಲಿಶ್, ಎಲ್ಲಕ್ಕೂ ಅದೊಂದೇ ಪದ. ‘ಆರು ತಿಂಗಳಿಗೊಮ್ಮೆ ಪಾಲಿಶ್ ಮಾಡಿ’ ಎಂದು ಓದಿದವರು ಅಂಗಡಿಯಿಂದ ಮೇಣದ ಡಬ್ಬ ತಂದು ಪಿಯು ಮೇಲೆ ಉಜ್ಜುತ್ತಾರೆ. ಕೆಲವು ವರ್ಷದ ನಂತರ ಹೊಸದಾಗಿ ಪಿಯು ಹಚ್ಚಿದರೆ ಮೇಣದ ಮೇಲೆ ಅದು ಹಿಡಿಯದೆ ಹಪ್ಪಳದಂತೆ ಏಳುತ್ತದೆ. ಆಗ ಪೂರ್ತಿ ಮರದವರೆಗೆ ಇಳಿಯದೆ ಬೇರೆ ದಾರಿಯಿಲ್ಲ. ಹಳೆಯ ನೆಲದ ಮೇಲೆ ಏನಿದೆ ಎಂದು ತಿಳಿಯಲು ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಬಿಟ್ಟು ನೋಡಬೇಕು. ಕರಗಿ ಅಂಟಾದರೆ ಅರಗು. ನೀರಿನ ಹನಿ ಹತ್ತು ನಿಮಿಷದಲ್ಲಿ ಬಿಳಿ ಗುರುತು ಬಿಟ್ಟರೆ ಮೇಣ ಇರಬಹುದು.

ಮಲ್ಲೇಶ್ವರದಿಂದ

ಅರಗಿನ ಮಾತು ಬಂದದ್ದು ಒಳ್ಳೆಯದಾಯಿತು. ತಮಿಳಿನಲ್ಲಿ ಅರಕ್ಕು. ಇದನ್ನು ಸಂಸ್ಕೃತದ ಲಾಕ್ಷಾ, ರಾಕ್ಷಾ ಜೊತೆ ಹೊಂದಿಸುವವರಿದ್ದಾರೆ. ಚನ್ನಪಟ್ಟಣದ ಬೊಂಬೆಗೆ ಹಚ್ಚುವ ಅರಗನ್ನು ಅಚ್ಚಗನ್ನಡ ಎಂದು ನಂಬಿದವರು ಅದನ್ನೂ ಬಿಡಬೇಕಾದೀತು. ಗಚ್ಚು ಪಾರ್ಸಿಯದು. ಗಚ್ಚಿನ ನೆಲ ಎನ್ನಲು ಸಂಕೋಚವಿಲ್ಲದವರಿಗೆ ಲೇಪ ಎನ್ನಲು ಮಾತ್ರ ಏಕೆ ತಡೆ?

ಬಸವನಗುಡಿಯಿಂದ

ಗಚ್ಚು ಬಂದದ್ದು ಜನರ ಕೈಕೆಲಸದ ಜೊತೆ. ಲೇಪ, ಪಕ್ವಗಳನ್ನು ಬರೆಯುವವರು ಮೇಲಿನಿಂದ ಇಳಿಸುತ್ತಾರೆ. ಎರಡೂ ಒಂದಲ್ಲ.

ಮಲ್ಲೇಶ್ವರದಿಂದ

ಔಷಧದ ಲೇಪ ಹಚ್ಚಿಕೊಳ್ಳದ ಹಳ್ಳಿ ಯಾವುದಿದೆ? ವಾದ ನಿಲ್ಲುವುದಿಲ್ಲ.

ಜಯನಗರದಿಂದ

ಎರವಲಿನ ಜಗಳವನ್ನು ಬೇರೆ ತಲೆಬರಹದಲ್ಲಿ ಮುಂದುವರಿಸಿ, ಇವರಿಗೆ ನಾಳಿದ್ದು ಅಚ್ಚಿದೆ.

ಮೂಲದಲ್ಲಿ ಸ್ಯಾಂಡಿಂಗ್, ಸ್ಕ್ರೀನಿಂಗ್ ಎರಡೂ ಇದ್ದರೆ ಎರಡಕ್ಕೂ ‘ಉಜ್ಜು’ ಹಾಕಬೇಡಿ. ಹಳೆಯ ಲೇಪವನ್ನೆಲ್ಲ ತೆಗೆದು ಬರಿಮರಕ್ಕೆ ಇಳಿಯುವುದನ್ನು ‘ಕೀಸು’ ಎನ್ನಿ. 40, 60, 80, ಕೊನೆಗೆ 100 ಅಥವಾ 120ನೇ ನಂಬರಿನ ಉಪ್ಪುಕಾಗದ, ಎಳೆಯ ಉದ್ದಕ್ಕೆ. ನಂಬರು ಹಾರಿಸಿದರೆ ಮೊದಲ ಕಾಗದದ ಗೀರು ಲೇಪ ಬಿದ್ದ ಮೇಲೆ ಎದ್ದು ಕಾಣುತ್ತದೆ. ಯಂತ್ರ ಓಡುತ್ತಿರುವಾಗ ಒಂದೇ ಕಡೆ ನಿಂತರೆ ನೆಲದಲ್ಲಿ ತಗ್ಗು. ಇನ್ನೊಂದು ಸ್ಕ್ರೀನಿಂಗ್, ಮೇಲಿನ ಲೇಪವನ್ನಷ್ಟೇ ತರಿ ಮಾಡಿ ಮತ್ತೊಂದು ಸಲ ಹಚ್ಚುವುದು. ಅದಕ್ಕೆ ‘ಉಜ್ಜು’ ಸಾಕು. ಎಂಜಿನಿಯರ್ಡ್ ಹಲಗೆಯಲ್ಲಿ (ಪ್ಲೈವುಡ್ ಮೇಲೆ ಮರದ ಪದರ ಅಂಟಿಸಿದ್ದು) ಮೇಲಿನ ಮರದ ಪದರ 2 ಮಿ.ಮೀ.ಗಿಂತ ತೆಳುವಿದ್ದರೆ ಕೀಸಲೇಬಾರದು, ಉಜ್ಜಬಹುದು. ಪದ ಅದಲುಬದಲಾದರೆ ಒಂದೇ ದಿನದಲ್ಲಿ ಕೆಳಗಿನ ಪ್ಲೈವುಡ್ ಕಾಣುತ್ತದೆ.

‘ಹಲಗೆ ಉಬ್ಬಿದೆ’ ಎಂದು ಎಲ್ಲಾದರೂ ಬರೆದಿದ್ದೀರಾ? ನಡು ತಗ್ಗಿ ಅಂಚು ಎದ್ದಿದ್ದರೆ ‘ಅಂಚು ಎದ್ದಿದೆ’, ಅಂಚು ತಗ್ಗಿ ನಡು ಎದ್ದಿದ್ದರೆ ‘ನಡು ಎದ್ದಿದೆ’. ಮೊದಲನೆಯದು ಹಲಗೆಯ ಅಡಿಭಾಗ ಹೆಚ್ಚು ತೇವ ಕುಡಿದ ಗುರುತು. ಆಗಲೇ ಕೀಸಿ ಸಮ ಮಾಡಿದರೆ ಮಳೆಗಾಲ ಮುಗಿದು ಮರ ಆರಿದಾಗ ಅಂಚು ಕೆಳಗಿಳಿದು ನಡು ಎದ್ದು ನಿಲ್ಲುತ್ತದೆ. ತೇವದ ಮೂಲ ನಿಲ್ಲಿಸಿ, ತೇವದ ಮೀಟರಿನಲ್ಲಿ ಅಳೆದು, ಮರ ಆರಿದ ಮೇಲೆಯೇ ಕೀಸಬೇಕು.

ಇಂದಿರಾನಗರದಿಂದ

ಎಲ್ಲರಿಗೂ ವಂದನೆ. ಬಸವನಗುಡಿಯವರ ‘ಬಲಿ’, ಜಯನಗರದವರ ಕೀಸು–ಉಜ್ಜು ಎರಡನ್ನೂ ತೆಗೆದುಕೊಂಡೆ. ಫಿನಿಶ್‌ಗೆ ‘ಲೇಪ’, ಮ್ಯಾಟ್‌ಗೆ ‘ಹೊಳಪಿಲ್ಲದ ಲೇಪ’. ಶೀರ್ಷಿಕೆಯಲ್ಲಿ ‘ಮರದ ನೆಲ’ ಎಂದಷ್ಟೇ ಉಳಿಸಿದ್ದೇನೆ. ಬಾಗಿಲಿನ ಸೂಚನೆ ಹೀಗಿದೆ:

‘ಮರದ ನೆಲಕ್ಕೆ ಲೇಪ ಹಚ್ಚಲಾಗಿದೆ. ಒಣಗಿದಂತೆ ಕಂಡರೂ ಇನ್ನೂ ಬಲಿತಿಲ್ಲ. ನೀರು ಹಾಕಬೇಡಿ. ಚಪ್ಪಲಿ ಹಾಕಿಕೊಂಡು ನಡೆಯಬೇಡಿ. ಸಾಮಾನು ಎಳೆಯಬೇಡಿ.’

ಪೀಣ್ಯದಿಂದ

ಸರಿಯಾಗಿದೆ. ‘30 ದಿನ ರಗ್ಗು ಹಾಸಬೇಡಿ’ ಎಂಬುದನ್ನು ಸೇರಿಸಿ. ನೀರು ಆಧಾರದ ಲೇಪವಾದರೆ ಡಬ್ಬದ ಮೇಲಿನ ಅಂಕಿಯನ್ನೇ ಹಾಕಿ, ಅದು ಬೇಗ ಬಲಿಯುತ್ತದೆ.

ಕೈಪಿಡಿಯಲ್ಲಿ ಅಗಸೆ ಎಣ್ಣೆ ಹಚ್ಚುವ ಭಾಗವಿದ್ದರೆ ಒಂದು ಎಚ್ಚರಿಕೆ ದಪ್ಪಕ್ಷರದಲ್ಲಿ ಬರಲಿ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಕಟ್ಟಿ ಮೂಲೆಗೆ ಎಸೆಯಬಾರದು. ಎಣ್ಣೆ ಗಾಳಿ ಹಿಡಿಯುವಾಗ ಬಿಸಿಯೇಳುತ್ತದೆ, ಉಂಡೆಯೊಳಗೆ ಆ ಬಿಸಿ ಹೊರಬರಲು ದಾರಿಯಿಲ್ಲದೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳುತ್ತದೆ. ಹೊರಗಡೆ ಒಂದೊಂದಾಗಿ ಹರವಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬದಲ್ಲಿ ಮುಳುಗಿಸಿಡಬೇಕು. ಇದಕ್ಕೆ ‘ಒಣಗಿಸಿ’ ಎಂಬ ಪದವೇ ಸರಿ.