ಅಪ್‌ಡೇಟ್: ದವಡೆಗೆ ಬೋನ್ ಗ್ರಾಫ್ಟ್ ಆಯ್ತು, ಸೊಂಟ ಕೊಯ್ಯಲಿಲ್ಲ

ದವಡೆಗೆ ಮೂಳೆ ತುಂಬೋಕೆ ಸೊಂಟ ಕೊಯ್ಯಲೇಬೇಕಾ ಅಂತ ಮೂರು ವಾರದ ಹಿಂದೆ ಇಲ್ಲಿ ಕೇಳಿದ್ದೆ, ನೆನಪಿದೆಯಾ? ದವಡೆ ಹಲ್ಲು ಕಿತ್ತ ಜಾಗದಲ್ಲಿ ಇಂಪ್ಲಾಂಟ್‌ಗೆ (ಮೂಳೆಯಲ್ಲಿ ಕೂರಿಸುವ ಕೃತಕ ಹಲ್ಲು) ಮೂಳೆ ಸಾಲದು, ಗ್ರಾಫ್ಟ್ ಬೇಕು, ಅಂದರೆ ಬೇರೆ ಕಡೆಯ ಮೂಳೆ ತಂದು ತುಂಬಬೇಕು ಅಂತ ಡಾಕ್ಟರ್ ಅಂದಿದ್ದರು. ಅಪ್ಪನ ಬೆನ್ನುಮೂಳೆ ಆಪರೇಷನ್‌ಗೆ ಸೊಂಟದಿಂದ ಮೂಳೆ ತೆಗೆದಿದ್ದರು, ಬೆನ್ನು ಸರಿಹೋದ ಮೇಲೂ ಆ ಜಾಗ ತಿಂಗಳುಗಟ್ಟಲೆ ನೋಯುತ್ತಿತ್ತು, ಅದಕ್ಕೇ ನನಗೆ ಭಯ.

'ಸಿಬಿಸಿಟಿ ಸ್ಕ್ಯಾನ್ (ದವಡೆಯ 3ಡಿ ಎಕ್ಸ್‌ರೇ) ಮಾಡಿಸಿ, ಮೂಳೆ ಎಲ್ಲಿಂದ ತರ್ತೀರಿ ಅಂತ ನೇರವಾಗಿ ಕೇಳಿ' ಅಂದವರಿಗೆ ದೊಡ್ಡ ಥ್ಯಾಂಕ್ಸ್. ಕೊರತೆ ಸಣ್ಣದೇ, ಸಂಸ್ಕರಿಸಿದ ಹಸುವಿನ ಮೂಳೆ ಸಾಕು ಅಂದರು ಡಾಕ್ಟರ್. ನೋಡೋಕೆ ದಪ್ಪ ಉಪ್ಪಿನ ಹರಳಿನ ಹಾಗೆ. ನನ್ನದೇ ರಕ್ತದಲ್ಲಿ ಕಲಸಿ, ತುಂಬಿ, ಮೇಲೆ ತೆಳು ಪೊರೆ ಹೊದಿಸಿ ಹೊಲಿದರು.

ಇಲ್ಲಿ ಬಂದಿದ್ದ ಕ್ಯಾಲ್ಸಿಯಂ ಮಾತ್ರೆ ಸಲಹೆ ಕೆಲಸಕ್ಕೆ ಬರಲಿಲ್ಲ, ಸವೆದ ದವಡೆ ಮಾತ್ರೆಯಿಂದ ವಾಪಸ್ ಬೆಳೆಯಲ್ಲ. ಮೂಳೆ ಬೆಳೆಸುವ ಪ್ರೋಟೀನ್ ಬಿಎಂಪಿ-2 ಕೂಡ ಬೇಡ ಅಂದರು. ಅದರ ಕಥೆ ಓದಿ ಸುಸ್ತಾದೆ: ಇದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲಿ ಬೆನ್ನುಮೂಳೆಗೆ, 2007ರಲ್ಲಿ ದವಡೆಗೆ ಒಪ್ಪಿಗೆ ಕೊಟ್ಟಿತು, ಆಮೇಲೆ 2008ರಲ್ಲಿ ಕುತ್ತಿಗೆ ಆಪರೇಷನ್‌ನಲ್ಲಿ ಬಳಸಿದರೆ ಗಂಟಲು ಊದಿ ಉಸಿರಿಗೇ ತೊಂದರೆ ಆಗಬಹುದು ಅಂತ ಅದೇ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. 2013ರಲ್ಲಿ ಎರಡು ಸ್ವತಂತ್ರ ತಂಡಗಳು ಬೆನ್ನುಮೂಳೆ ಟ್ರಯಲ್‌ಗಳ ಡೇಟಾ ಮತ್ತೆ ಜಾಲಾಡಿದಾಗ ಸೊಂಟದ ಮೂಳೆಗಿಂತ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಅಷ್ಟೆಲ್ಲಾ ಸದ್ದು ಮಾಡಿ ಇಷ್ಟೇನಾ?

ನಿನ್ನೆ ಹೊಲಿಗೆ ಬಿಚ್ಚಿದರು. ಊತ ಮೂರು ದಿನ ಜಾಸ್ತಿ ಇತ್ತು, ಈಗಿಲ್ಲ. ಇಂಪ್ಲಾಂಟ್ ಐದು ತಿಂಗಳ ನಂತರ. ಅಲ್ಲಿವರೆಗೆ ಸಿಗರೇಟ್ ಮುಟ್ಟಂಗಿಲ್ಲ, ಗ್ರಾಫ್ಟ್ ಹಿಡಿಯಲ್ವಂತೆ.