ಪದಚರ್ಚೆ: ‘ಕಾಂಟ್ರಾಸ್ಟ್ ಡೈ’, ‘ಅಕ್ಯೂಟ್ ಇಂಜುರಿ’ ಇವಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಆಂಜಿಯೋಗ್ರಾಂಗೆ ಹೋಗುವವರ ಕೈಗೆ ಕೊಡುವ ಎರಡು ಪುಟದ ಮಾಹಿತಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೃದಯದ ರಕ್ತನಾಳ ನೋಡಲು ಬಿಡುವ ಅಯೋಡಿನ್ ದ್ರವದಿಂದ ಕೆಲವರ ಕಿಡ್ನಿಗೆ ತೊಂದರೆಯಾಗಬಹುದು, ಅದನ್ನು ತಡೆಯುವುದು ಹೇಗೆ ಅನ್ನುವುದು ವಿಷಯ. ಪದಗಳ ಹತ್ತಿರ ಸಿಕ್ಕಿಕೊಂಡಿದ್ದೇನೆ.

ಈ ದ್ರವವೇ ‘ಕಾಂಟ್ರಾಸ್ಟ್ ಡೈ’. ‘ಡೈ’ಗೆ ‘ಬಣ್ಣ’ ಅಂತ ಬರೆದಿದ್ದೆ. ಕರಡು ಓದಿದ ಸೋದರಮಾವ ಕೇಳಿದ್ದು: “ಹಾಗಾದ್ರೆ ಆಮೇಲೆ ಮೂತ್ರ ಯಾವ ಬಣ್ಣಕ್ಕಿರುತ್ತೆ?” ಅಸಲಿಗೆ ಅದು ನೀರಿನ ಹಾಗೆ ತಿಳಿಯಾದ, ಕೊಂಚ ಅಂಟಂಟಾದ ದ್ರವ. ಅಯೋಡಿನ್ ಎಕ್ಸ್-ರೇಯನ್ನು ತಡೆಯುವುದರಿಂದ ನಾಳಗಳು ಪರದೆಯ ಮೇಲೆ ಕರಿ ಕೊಂಬೆಗಳಂತೆ ಎದ್ದು ಕಾಣುತ್ತವೆ, ಅಷ್ಟೇ. ‘ವ್ಯತಿರಿಕ್ತ ಮಾಧ್ಯಮ’ ಅಂದರೆ ಇನ್ನೂ ಕಷ್ಟ. ‘ವ್ಯತಿರಿಕ್ತ ಪರಿಣಾಮ’ ಓದಿ ರೂಢಿಯಾದವರಿಗೆ ಅದು ವಿಷದ ಹೆಸರಿನಂತೆ ಕೇಳುತ್ತದೆ. ಸದ್ಯಕ್ಕೆ ‘ತೋರುಬೆರಳಿ’ನ ಜಾಡಿನಲ್ಲಿ ‘ತೋರುದ್ರವ’ ಅಂತ ಕಟ್ಟಿಕೊಂಡಿದ್ದೇನೆ.

ಕಿಡ್ನಿಗಾಗುವ ಈ ತೊಂದರೆಗೆ ವೈದ್ಯರ ಹೆಸರು ‘ಅಕ್ಯೂಟ್ ಕಿಡ್ನಿ ಇಂಜುರಿ’. ‘ಇಂಜುರಿ’ಗೆ ‘ಗಾಯ’ ಹೊಂದದು. ಇಲ್ಲಿ ರಕ್ತ ಸೋರುವುದಿಲ್ಲ, ಸಾಮಾನ್ಯವಾಗಿ ನೋವೂ ಇರುವುದಿಲ್ಲ. 48 ಗಂಟೆಯೊಳಗೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) ಡೆಸಿಲೀಟರಿಗೆ 0.3 ಮಿಲಿಗ್ರಾಂ ಏರಿದರೂ ಆ ಹೆಸರು ಅಂಟುತ್ತದೆ. ಹಲವರಲ್ಲಿ ಕೆಲವು ದಿನಕ್ಕೆ ಇಳಿದೂ ಬಿಡುತ್ತದೆ. ‘ಹಾನಿ’ಯಲ್ಲಿ ಹೋದದ್ದು ಹೋಯಿತು ಎಂಬ ಧ್ವನಿಯಿದೆ. ‘ಘಾಸಿ’ ಚೇತರಿಕೆಗೆ ಜಾಗ ಬಿಡುತ್ತದೆ ಅನ್ನಿಸಿತು. ‘ಅಕ್ಯೂಟ್’ಗೆ ಎಲ್ಲರೂ ‘ತೀವ್ರ’ ಅನ್ನುತ್ತಾರೆ, ಆದರೆ ಅಲ್ಲಿರುವುದು ಜೋರಿನ ಮಾತಲ್ಲ, ಬೇಗದ ಮಾತು. ‘ದಿಢೀರ್’ ಜಾಹೀರಾತಿನಂತಿದೆ, ಹಾಗಾಗಿ ‘ಹಠಾತ್’.

ನಿಜವಾದ ಗಂಟು ಇದು. ಮೊದಲು ವೈದ್ಯರು ಈ ಘಾಸಿಯನ್ನು ದ್ರವ‘ಜನ್ಯ’ ಅನ್ನುತ್ತಿದ್ದರು, ಈಗ ದ್ರವ‘ಸಂಬಂಧಿತ’ ಅನ್ನುವವರು ಹೆಚ್ಚು. ರಕ್ತದೊತ್ತಡ ಕುಸಿದಿರಬಹುದು, ಹೃದಯವೇ ಸೋತಿರಬಹುದು, ನಾಳದೊಳಗೆ ತೂರಿಸುವ ಸಣ್ಣ ಕೊಳವೆ (ಕ್ಯಾಥೆಟರ್) ತಗುಲಿ ಮಹಾಧಮನಿಯ ಕೊಲೆಸ್ಟರಾಲ್ ಚೂರುಗಳು ಕಿಡ್ನಿಗೆ ಹೋಗಿರಬಹುದು. ತಪ್ಪೆಲ್ಲ ದ್ರವದ್ದೇ ಎನ್ನಲಾಗದು. ಆದರೆ ಕನ್ನಡದಲ್ಲಿ ‘ಸಂಬಂಧಿತ’ ಅಂದರೂ ಓದುಗ ‘ಅದರಿಂದಲೇ’ ಅಂತ ಓದಿಕೊಳ್ಳುತ್ತಾನೆ. ‘ತೋರುದ್ರವದ ನಂತರದ ಕಿಡ್ನಿ ಘಾಸಿ’ ಅಂದರೆ ಕಾಲ ಮಾತ್ರ ಹೇಳಿ ಸುಮ್ಮನಾಗಬಹುದೇ? ತೀರಾ ಜಾರಿಕೊಂಡಂತಾಯಿತೇ?

ತಡೆಯುವ ಭಾಗ ಅಷ್ಟು ಕಾಡಲಿಲ್ಲ. ‘ಹೈಡ್ರೇಶನ್’ಗೆ ಯಾರೋ ‘ಜಲಸಂಚಯನ’ ಸೂಚಿಸಿದರು, ಕೆರೆ ತುಂಬಿಸಿದ ಹಾಗಿದೆ! ‘ಮೊದಲೂ ಆಮೇಲೂ ಸಲೈನ್ ಹಾಕುತ್ತಾರೆ, ಹೃದಯ ದುರ್ಬಲವಿದ್ದರೆ ಅಳೆದು ಹಾಕುತ್ತಾರೆ’ ಎಂದು ಬರೆದೆ. ದ್ರವ ಆದಷ್ಟು ಕಡಿಮೆ ಬಳಸುವುದೂ ಸಲೀಸಾಗಿ ಬಂತು.

ಉಳಿದದ್ದು ಮೆಟ್‌ಫಾರ್ಮಿನ್. ಈ ಸಕ್ಕರೆ ಕಾಯಿಲೆಯ ಮಾತ್ರೆ ಕಿಡ್ನಿಯನ್ನು ಕೆಡಿಸುವುದಿಲ್ಲ. ಕಿಡ್ನಿ ನಿಧಾನವಾದರೆ ಮೈಯಲ್ಲಿ ಉಳಿದು ಲ್ಯಾಕ್ಟಿಕ್ ಆಮ್ಲ ಏರುವ ಭಯ, ಅದಕ್ಕೇ ಕಿಡ್ನಿ ಮೊದಲೇ ಸೋತವರಿಗೆ ಎರಡು ದಿನ ಬೇಡ ಅನ್ನುತ್ತಾರೆ. ‘ನಿಲ್ಲಿಸಿ’ ಅಂತ ಬರೆದರೆ ಪೂರ್ತಿ ಬಿಟ್ಟುಬಿಡುವವರಿದ್ದಾರೆ. ‘ತಡೆಹಿಡಿಯಿರಿ’ ಕಚೇರಿ ಆದೇಶದಂತಿದೆ. ಮತ್ತೆ ಶುರು ಮಾಡಬೇಕು ಎಂಬುದು ಕ್ರಿಯಾಪದದಲ್ಲೇ ಅಡಗಿರುವ ಮಾತು ನಿಮ್ಮಲ್ಲಿ ಯಾರ ಬಾಯಲ್ಲಾದರೂ ಇದೆಯೇ?