ಅವರೆ ಚಪ್ಪರದ ಹೂನೊಣಗಳು: ಒಂದೇ ಜಾತಿಯೋ, ಎರಡೋ?

ಹಿತ್ತಿಲಬಳ್ಳಿ: ನಮ್ಮ ಅವರೆ ಚಪ್ಪರಕ್ಕೆ ರಸ ಹೀರುವ ಕಪ್ಪು ಹೇನು ಹತ್ತಿದೆ. ಅಲ್ಲಿ ಸುಳಿದಾಡುವ ಹೂನೊಣಗಳ (ಸಿರ್ಫಿಡ್) ನಾಲ್ಕು ಚಿತ್ರ ಹಾಕಿದ್ದೇನೆ, ಎಲ್ಲವೂ ಡಿಸೆಂಬರಿನವು. ಮೊಬೈಲ್ ಆ್ಯಪ್ 1ನೆಯದನ್ನು ಎಪಿಸಿರ್ಫಸ್ ಬಾಲ್ಟಿಯೇಟಸ್ ಎನ್ನುತ್ತದೆ, 2ನೆಯದನ್ನು ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್ ಎನ್ನುತ್ತದೆ. ನನ್ನ ಕಣ್ಣಿಗೆ ಎರಡೂ ಒಂದೇ. 3ನೆಯದು ಕಪ್ಪಗಿದೆ, ಬೇರೆ ಜಾತಿಯೇ? 4ನೆಯದು ಜೇನಂತೆ!

ನೊಣದಬೆನ್ನೇರಿ: ಬಣ್ಣವನ್ನು ಪಕ್ಕಕ್ಕಿಟ್ಟು ಪಟ್ಟೆ ಎಣಿಸಿ. ಹೊಟ್ಟೆಯ ಮೂರನೆಯ, ನಾಲ್ಕನೆಯ ಖಂಡಗಳನ್ನು ಚಿತ್ರ ಹಿಗ್ಗಿಸಿ ನೋಡಿ. ಖಂಡದ ಹಿಂದಂಚಿನಲ್ಲಿ ದಪ್ಪ ಕಪ್ಪು ಪಟ್ಟೆ, ಅದರ ಮುಂದೆ ಚಿಗುರುಮೀಸೆ ಬರೆದಂತೆ ಇನ್ನೊಂದು ತೆಳು ಗೆರೆ ಇದ್ದರೆ ಎಪಿಸಿರ್ಫಸ್. ನಿಮ್ಮ 1 ಮತ್ತು 3ರಲ್ಲಿ ಈ ಮೀಸೆ ಇದೆ, ಎರಡೂ ಒಂದೇ ಜಾತಿ. ಕೋಶಾವಸ್ಥೆಯಲ್ಲಿ ಚಳಿ ತಗಲಿದರೆ ಈ ನೊಣದ ಕಪ್ಪು ಹರಡಿಕೊಂಡು ಹಳದಿ ಕುಗ್ಗುತ್ತದೆ. ಬಣ್ಣ ನಂಬಿ ನಾನೇ ಹಿಂದೆ ಇದಕ್ಕೆ ಎರಡು ಹೆಸರು ಬರೆದಿಟ್ಟುಕೊಂಡಿದ್ದೆ.

2ರಲ್ಲಿ ಮೀಸೆ ಇಲ್ಲ. ಎದೆಯ ಎರಡೂ ಬದಿಗೆ ಸೀರೆಯ ಅಂಚಿನಂತೆ ಕತ್ತರಿಸಿಟ್ಟ ಹಳದಿ ಗೆರೆ ಕಾಣುತ್ತಿದೆ, ಇಸ್ಕಿಯೋಡಾನ್ ಸರಿ. ಸಾಧ್ಯವಾದರೆ ಪಕ್ಕದಿಂದ, ಕೆಳಗಿನಿಂದಲೂ ಒಂದು ಚಿತ್ರ ತೆಗೆಯಿರಿ. ಗಂಡಾದರೆ ಹಿಂಗಾಲಿನ ಬುಡದಲ್ಲಿ ಹುಂಜದ ಕಾಲಿನಂತೆ ಒಂದು ಮುಳ್ಳಿರುತ್ತದೆ. ಗಂಡೋ ಹೆಣ್ಣೋ ಎಂಬುದು ಕಣ್ಣಿನಿಂದ ತಿಳಿಯುತ್ತದೆ: ನೆತ್ತಿಯಲ್ಲಿ ಎರಡೂ ಕಣ್ಣು ಕೂಡಿಕೊಂಡರೆ ಗಂಡು, ನಡುವೆ ಸಂದು ಬಿಟ್ಟರೆ ಹೆಣ್ಣು.

4ನೆಯದು ಜೇನಲ್ಲ. ರೆಕ್ಕೆ ಒಂದೇ ಜೋಡಿ, ತಲೆಯ ಮೇಲಿನ ಕುಡಿಮೀಸೆ ಮೊಟಕು, ಕಣ್ಣಿನ ತುಂಬ ಚುಕ್ಕಿ. ಇದು ಎರಿಸ್ಟಲೈನಸ್. ಇಂಥ ಮಸುಕು ಚಿತ್ರದಲ್ಲಿ ಜಾತಿಯವರೆಗೆ ಹೋಗುವುದು ಬೇಡ, ಕುಲದ ಹೆಸರಿಗೇ ನಿಲ್ಲಿಸಿ. ಇದರ ಮರಿ ಹೇನು ತಿನ್ನುವುದಿಲ್ಲ, ಕೊಳೆತ ನೀರಿನಲ್ಲಿ ಬೆಳೆಯುತ್ತದೆ. ಹತ್ತಿರದಲ್ಲೇ ಬಚ್ಚಲ ನೀರು ನಿಂತಿದೆಯೇ?

ಹಿತ್ತಿಲಬಳ್ಳಿ: ಬಚ್ಚಲ ಗುಂಡಿ ಹತ್ತು ಹೆಜ್ಜೆ ದೂರ, ಸಿಕ್ಕಿಬಿದ್ದೆ! ಮೀಸೆ ಈಗ ಕಾಣಿಸಿತು ಸರ್. ಆದರೆ ನೊಣ ಕೂರುವುದೇ ಇಲ್ಲ, ಅಡಿಯಿಂದ ಹೇಗೆ ತೆಗೆಯಲಿ? ಹೇನಿನ ನಡುವೆ ಕಾಲಿಲ್ಲದ ಹಸಿರು ಹುಳುಗಳೂ ಇವೆ. ಸಂಜೆ ಔಷಧಿ ಹೊಡೆಯೋಣವೆಂದಿದ್ದೆ.

ನೊಣದಬೆನ್ನೇರಿ: ಹೊಡೆಯಬೇಡಿ! ಹೇನಿನ ನಡುವೆ ಕಾಲಿಲ್ಲದ ಹುಳು ಎಂದರೆ ಬಹುತೇಕ ನಿಮ್ಮ 1, 2, 3ರಂಥ ನೊಣಗಳ ಮರಿಯೇ, ಹೇನು ಹೀರಲು ಬಂದಿದೆ. ನಾಲ್ಕನ್ನು ಎಲೆ ಸಮೇತ ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ದಿನವೂ ಹೇನಿರುವ ಹೊಸ ಕುಡಿ ಕೊಡಿ. ನೊಣ ಹೊರಬಂದಾಗ ಗಾಜಿನ ಅಡಿಯಿಂದಲೇ ಚಿತ್ರ ತೆಗೆಯಬಹುದು.